ಗೋಳಿ: ಕಳೆಯೋ, ಪಲ್ಲೆಯೋ?

ಮೃಗಶಿರಾ ಮಳೆ ಬಿದ್ದು ವಾರವೊಂದು ಕಳೆಯುವಷ್ಟರಲ್ಲಿ ವಿಜಯಪುರ ಸೀಮೆಯ ಹೊಲಗಳಲ್ಲಿ ಯಾರೂ ಬಿತ್ತದ ಬೆಳೆಯೊಂದು ತಲೆಯೆತ್ತುತ್ತದೆ. ನೆಲಕ್ಕೆ ಒರಗಿ ನಾಲ್ಕು ದೆಸೆಗೂ ಹರಡುವ ಕೆಂಪು ಛಾಯೆಯ ರಸಭರಿತ ದಂಟು, ಚಮಚದ ತುದಿಯಂತೆ ದುಂಡಾದ ದಪ್ಪ ಎಲೆ, ಬಿಸಿಲೇರಿದ ಮೇಲೆ ಕೆಲವೇ ತಾಸು ಅರಳಿ ಮತ್ತೆ ಮುದುಡಿಕೊಳ್ಳುವ ಪುಟ್ಟ ಹಳದಿ ಹೂ - ಇಷ್ಟೇ ಅದರ ಸ್ವರೂಪ. ವಿಜಯಪುರ ನಗರದ ಹಳೆಯ ಕೋಟೆಗೋಡೆಯ ಬುಡ, ತಿಕೋಟಾದ ದ್ರಾಕ್ಷಿತೋಟದ ಸಾಲು, ಬಬಲೇಶ್ವರದ ಕಬ್ಬಿನ ಹೊಲದ ಬದು, ಶಾಲೆಯ ಆಟದ ಬಯಲು, ಇವಾವುವೂ ಅದಕ್ಕೆ ಪರಕೀಯವಲ್ಲ. ಈ ಭಾಗದ ಜನ ಅದನ್ನು ಗೋಳಿ ಎಂದೂ, ಅಡುಗೆಗೆ ತಂದಾಗ ಗೋಳಿಪಲ್ಲೆ ಎಂದೂ ಕರೆಯುತ್ತಾರೆ. ಹಳೆಯ ಮೈಸೂರಿನ ಕಡೆ ಅದೇ ಗೋಣಿಸೊಪ್ಪು, ಮರಾಠಿಯಲ್ಲಿ ಘೋಳ, ಸಂಸ್ಕೃತದಲ್ಲಿ ಲೋಣಿಕಾ. ಕರಾವಳಿ ಮಲೆನಾಡುಗಳಲ್ಲಿ ಗೋಳಿಯೆಂದರೆ ಆಲದ ಮರವೆಂಬ ಅರ್ಥವಿದೆಯಾದರೂ ಬಯಲುಸೀಮೆಯ ಗೋಳಿಗೂ ಆ ವೃಕ್ಷಕ್ಕೂ ಸಂಬಂಧವಿಲ್ಲ.

ಈ ಸಸ್ಯದ ವಿಷಯದಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಗೋಳಿ ಅಳಿಯುತ್ತಿಲ್ಲ, ನೀರಾವರಿ ಬಂದ ಮೇಲಂತೂ ಅದು ವರ್ಷದ ಎಲ್ಲ ಕಾಲದಲ್ಲಿಯೂ ಹಸಿರಾಗಿಯೇ ಇದೆ. ಅಳಿಯುತ್ತಿರುವುದು ಅದನ್ನು ಕಂಡು ಹೆಸರು ಹೇಳಬಲ್ಲ ಕಣ್ಣು, ಅದರಂತೆಯೇ ತೋರುವ ಬೇರೆ ಗಿಡಗಳಿಂದ ಅದನ್ನು ಬೇರ್ಪಡಿಸಬಲ್ಲ ಕೈ, ಅದನ್ನು ಬೇಯಿಸಿ ಬಡಿಸಬಲ್ಲ ಒಲೆ. ಹಿಂದಿನ ತಲೆಮಾರು ಒಂದೇ ಗಿಡವನ್ನು ಬೆಳೆಯ ಸಾಲಿನಲ್ಲಿ ಕಳೆಯೆಂದೂ ಗಂಗಾಳದಲ್ಲಿ ಪಲ್ಲೆಯೆಂದೂ ತಿಳಿದಿತ್ತು. ಇಂದಿನ ವಿದ್ಯಾರ್ಥಿಗೆ ಅದು ಕೇವಲ ಕಸ. ಈ ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಒಂದು ವಿದ್ಯಾಸಂಸ್ಥೆಗೆ ಇದು ಅಲ್ಪ ವಿಷಯವಲ್ಲವೆಂಬುದೇ ಈ ಲೇಖನದ ಪ್ರತಿಪಾದನೆ.

ಮೊದಲಿಗೆ ಶಾಸ್ತ್ರವು ಈ ಗಿಡದ ಬಗ್ಗೆ ಏನನ್ನುತ್ತದೆ ಎಂಬುದನ್ನು ನೋಡಬೇಕು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ದೊಡ್ಡ ಗೋಳಿಗೆ 'ಪೋರ್ಟುಲಾಕ ಒಲೆರೇಸಿಯ' ಎಂದು ಹೆಸರಿಟ್ಟನು. ಇದರ ಉತ್ತರಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಕಾಯಿಪಲ್ಲೆಗೆ ಸಂಬಂಧಿಸಿದ' ಎಂದರ್ಥ. ಎಂದರೆ, ಇಂದು ಕೃಷಿಪುಸ್ತಕಗಳು ಕಳೆಗಳ ಪಟ್ಟಿಯಲ್ಲಿ ಸೇರಿಸುವ ಈ ಸಸ್ಯವನ್ನು ಶಾಸ್ತ್ರವು ನಾಮಕರಣದ ದಿನವೇ ಪಲ್ಲೆಯೆಂದು ಒಪ್ಪಿಕೊಂಡಿತ್ತು. ಪೂರ್ವಪದದ ಮೂಲವನ್ನು 'ಪುಟ್ಟ ಬಾಗಿಲು' ಎಂಬರ್ಥದ ಶಬ್ದದಿಂದ ಹೇಳುವುದು ರೂಢಿ. ಅದರ ಕಾಯಿಯನ್ನು ನೋಡಿದವರಿಗೆ ಈ ಹೆಸರಿನ ಔಚಿತ್ಯ ತಾನಾಗಿ ಮನದಟ್ಟಾಗುತ್ತದೆ. ಜೋಳದ ಕಾಳಿನಷ್ಟು ದೊಡ್ಡದಾದ ಆ ಕಾಯಿ ಬಲಿತಾಗ ನಡುವೆ ಸುತ್ತಲೂ ಬಿರಿದು, ಕುಂಕುಮದ ಭರಣಿಯ ಮುಚ್ಚಳದಂತೆ ಮೇಲಿನ ಅರ್ಧ ಕಳಚಿ ಬೀಳುತ್ತದೆ. ಒಳಗೆ ರಾಗಿಗಿಂತಲೂ ಸಣ್ಣದಾದ, ಹೊಳೆಯುವ ಕಪ್ಪು ಬೀಜಗಳಿರುತ್ತವೆ. ಸಮೃದ್ಧವಾಗಿ ಬೆಳೆದ ಒಂದೇ ಗಿಡದ ಬೀಜಸಂಖ್ಯೆ ಲಕ್ಷವನ್ನು ದಾಟಬಲ್ಲದು. ಮಣ್ಣಿನಲ್ಲಿ ಹುದುಗಿದ ಆ ಬೀಜ ದಶಕಗಳ ಕಾಲ ಜೀವ ಹಿಡಿದಿರಬಲ್ಲದು.

ಇದೇ ಕುಲದಲ್ಲಿ ಇನ್ನೂ ಅನೇಕ ಪ್ರಭೇದಗಳಿವೆ. ಜಗತ್ತಿನಾದ್ಯಂತ ಅವುಗಳ ಸಂಖ್ಯೆ ನೂರರ ಆಸುಪಾಸಿನಲ್ಲಿದೆ. ಈ ಭಾಗದಲ್ಲಿ ಸುಲಭವಾಗಿ ಕಾಣಸಿಗುವ ಇನ್ನೊಂದು, ಚಿಕ್ಕ ಗೋಳಿ, ಶಾಸ್ತ್ರೀಯವಾಗಿ 'ಪೋರ್ಟುಲಾಕ ಕ್ವಾಡ್ರಿಫಿಡ'. ಇದು ನೆಲಕ್ಕೆ ಇನ್ನಷ್ಟು ಅಂಟಿಕೊಂಡು, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಹರಡುತ್ತದೆ. ಎಲೆಗಳು ಎದುರುಬದುರಾಗಿರುತ್ತವೆ, ಗೆಣ್ಣುಗಳಲ್ಲಿ ಬೆಳ್ಳಗಿನ ಕೂದಲುಗಳಿರುತ್ತವೆ, ಹೂವಿಗೆ ನಾಲ್ಕೇ ದಳ. ದೊಡ್ಡ ಗೋಳಿಯ ಹೂವಿಗೆ ಸಾಮಾನ್ಯವಾಗಿ ಐದು ದಳಗಳು, ಗೆಣ್ಣುಗಳು ನುಣುಪು. ಮನೆಯಂಗಳದ ಕುಂಡಗಳಲ್ಲಿ ಕೆಂಪು, ಹಳದಿ, ಗುಲಾಬಿ ಬಣ್ಣಗಳಲ್ಲಿ ಹೂಬಿಡುವ, ಸೂಜಿಯಂಥ ಎಲೆಯ ಅಲಂಕಾರಸಸ್ಯವೂ ಈ ಕುಲದ್ದೇ. ಅದರ ಮೂಲಸ್ಥಾನ ದಕ್ಷಿಣ ಅಮೆರಿಕ. ಹೀಗೆ ದೂರದಿಂದ ಬಂದ ಬಂಧುವನ್ನು ಕುಂಡದಲ್ಲಿಟ್ಟು ನೀರೆರೆಯುವ ಕೈಯೇ ಕುಂಡದ ಪಕ್ಕದಲ್ಲಿ ಹುಟ್ಟಿದ ಗೋಳಿಯನ್ನು ಕಿತ್ತೆಸೆಯುವುದನ್ನು ಪ್ರತಿ ಬಡಾವಣೆಯಲ್ಲಿಯೂ ಕಾಣಬಹುದು.

ಶಿಕ್ಷಕರು ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಹಳೆಯ ಪಠ್ಯಪುಸ್ತಕಗಳು ಗೋಳಿಯ ಕುಟುಂಬದಲ್ಲಿ ಹಲವು ಕುಲಗಳನ್ನು ಸೇರಿಸುತ್ತಿದ್ದವು. ವಂಶವಾಹಿಗಳ ಅಧ್ಯಯನದ ಆಧಾರದ ಮೇಲೆ 2009ರಲ್ಲಿ ಪ್ರಕಟವಾದ ವರ್ಗೀಕರಣವು ಉಳಿದವುಗಳನ್ನು ಬೇರೆ ಕುಟುಂಬಗಳಿಗೆ ಒಪ್ಪಿಸಿ, ಈ ಕುಟುಂಬದಲ್ಲಿ ಪೋರ್ಟುಲಾಕ ಒಂದನ್ನೇ ಉಳಿಸಿತು. ಎರಡನೆಯದು ಈ ನೆಲಕ್ಕೆ ಇನ್ನೂ ಹತ್ತಿರದ ಸಂಗತಿ. 2018ರಲ್ಲಿ ಸಸ್ಯವಿಜ್ಞಾನಿಗಳಾದ ಎಸ್. ಆರ್. ಯಾದವ ಮತ್ತು ಜಗದೀಶ ದಳವಿ ಅವರು ಈ ಕುಲದ ಹೊಸ ಪ್ರಭೇದವೊಂದಕ್ಕೆ 'ಪೋರ್ಟುಲಾಕ ಬಾದಾಮಿಕ' ಎಂದು ಹೆಸರಿಟ್ಟರು. ಆ ಹೆಸರಿನಲ್ಲಿರುವ ಬಾದಾಮಿ ಚಾಲುಕ್ಯರ ಬಾದಾಮಿಯೇ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಅದು ಅವಿಭಜಿತ ವಿಜಾಪುರ ಜಿಲ್ಲೆಯ ತಾಲೂಕಾಗಿತ್ತು. ಶಿಲ್ಪ ನೋಡಲೆಂದು ಪ್ರತಿವರ್ಷ ಸಾವಿರಾರು ವಿದ್ಯಾರ್ಥಿಗಳು ಪ್ರವಾಸ ಹೋಗುವ ಊರಿನ ಹೆಸರು, ಕಾಲಡಿಯ ಕಸವೆಂದು ಭಾವಿಸಲಾಗುವ ಕುಲದ ಒಂದು ಸಸ್ಯದ ಮೂಲಕ ವಿಶ್ವದ ಸಸ್ಯಶಾಸ್ತ್ರದಲ್ಲಿ ದಾಖಲಾಯಿತು. ಈ ನಾಡಿನ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಶಾಲೆಯೂ ಕೇಳಿಕೊಳ್ಳಬಹುದು.

ಗೋಳಿಯ ಅಂತರಂಗವು ಅದರ ಬಹಿರಂಗಕ್ಕಿಂತ ಹೆಚ್ಚು ಕುತೂಹಲಕಾರಿಯಾಗಿದೆ. ಸಸ್ಯಗಳು ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಹೀರಿ ಆಹಾರ ಸಿದ್ಧಪಡಿಸಿಕೊಳ್ಳುವ ಕ್ರಮದಲ್ಲಿ ಭೇದಗಳಿವೆ. ಜೋಳ, ಮೆಕ್ಕೆಜೋಳ, ಕಬ್ಬುಗಳದು ಒಂದು ಬಗೆ. ಪ್ರಖರ ಬಿಸಿಲಿನಲ್ಲಿ ತ್ವರಿತವಾಗಿ ಬೆಳೆಯಲು ಅದು ಅನುಕೂಲ. ಪಾಪಾಸುಕಳ್ಳಿ, ಕತ್ತಾಳೆಗಳದು ಇನ್ನೊಂದು ಬಗೆ. ಅವು ಹಗಲು ಎಲೆರಂಧ್ರಗಳನ್ನು ಮುಚ್ಚಿ, ರಾತ್ರಿ ತೆರೆದು, ಹೀರಿದ್ದನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಇದರಿಂದ ನೀರಿನ ಉಳಿತಾಯವಾಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಗೋಳಿಯು ಜೋಳದ ಬಗೆಗೆ ಸೇರಿದ ಸಸ್ಯ. ಆದರೆ ನೀರು ಬತ್ತಿದಾಗ ಅದು ಕಳ್ಳಿಯ ಕ್ರಮವನ್ನೂ ಅನುಸರಿಸುತ್ತದೆಂಬುದು 1980ರ ಹೊತ್ತಿಗೆ ಪ್ರಯೋಗಗಳಿಂದ ಕಂಡುಬಂದಿತು. ಈ ಎರಡು ಕ್ರಮಗಳೂ ಎಲೆಯ ಒಂದೇ ಜೀವಕೋಶಗಳಲ್ಲಿ ಕೂಡಿ ನಡೆಯುತ್ತವೆಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ತೋರಿಸಿಕೊಟ್ಟರು. ವೇಗವಾಗಿ ಬೆಳೆಯುವ ಗುಣ, ಬರವನ್ನು ತಾಳುವ ಗುಣ ಎರಡನ್ನೂ ಬೆಳೆಗಳಲ್ಲಿ ಹೇಗೆ ಕೂಡಿಸಬಹುದೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತಿರುವ ವಿಜ್ಞಾನಕ್ಕೆ ಈ ಹೊಲದ ಕಸ ಒಂದು ಪಾಠಪುಸ್ತಕವಾಗಿದೆ. ಮಳೆ ಹಿಂದುಳಿದ ದಿನಗಳಲ್ಲಿ ನಸುಕಿನಲ್ಲಿ ಕಿತ್ತ ಗೋಳಿ ಸಂಜೆ ಕಿತ್ತದ್ದಕ್ಕಿಂತ ಹೆಚ್ಚು ಹುಳಿಯಾಗಿರುವುದಕ್ಕೆ ಇದೇ ಕಾರಣ. ರಾತ್ರಿ ಕೂಡಿಟ್ಟ ಹುಳಿಯನ್ನು ಗಿಡ ಹಗಲಿನಲ್ಲಿ ಖರ್ಚುಮಾಡಿಕೊಳ್ಳುತ್ತದೆ. ಪ್ರಯೋಗಾಲಯವಿಲ್ಲದ ಹಳ್ಳಿಯ ಶಾಲೆಯಲ್ಲಿಯೂ ಎರಡು ಎಲೆಗಳನ್ನು ನಾಲಿಗೆಯ ಮೇಲಿಟ್ಟು ಕಲಿಸಬಹುದಾದ ಸಸ್ಯಶರೀರಶಾಸ್ತ್ರದ ಪಾಠವಿದು.

ಆಹಾರದ ದೃಷ್ಟಿಯಿಂದ ಗೋಳಿಯ ಸ್ಥಾನವನ್ನು ಕುರಿತು ಇತ್ತೀಚೆಗೆ ಅತಿಶಯೋಕ್ತಿಗಳು ಹೆಚ್ಚಾಗಿವೆ. ಆದ್ದರಿಂದ ಅಳೆದು ಮಾತನಾಡುವುದು ಅವಶ್ಯ. 1986ರಲ್ಲಿ ಆರ್ಟೆಮಿಸ್ ಸಿಮೊಪೌಲೋಸ್ ಮತ್ತು ನಾರ್ಮನ್ ಸೇಲಂ ಎಂಬ ವಿಜ್ಞಾನಿಗಳು, ಸಾಮಾನ್ಯವಾಗಿ ಮೀನಿನ ಎಣ್ಣೆಯೊಂದಿಗೆ ಜೋಡಿಸಿ ಹೇಳಲಾಗುವ ಒಮೆಗಾ-3 ವರ್ಗದ ಕೊಬ್ಬಿನಾಮ್ಲಗಳು ಈ ಸೊಪ್ಪಿನಲ್ಲಿವೆಯೆಂದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ನೂರು ಗ್ರಾಮ್ ಹಸಿ ಎಲೆಯಲ್ಲಿ ಸುಮಾರು 300ರಿಂದ 400 ಮಿಲಿಗ್ರಾಮಿನಷ್ಟು ಆಲ್ಫಾ ಲಿನೋಲೆನಿಕ್ ಆಮ್ಲವಿರುವುದು ಮುಂದೆ ಕಂಡುಬಂದಿತು. ಸೊಪ್ಪುಗಳಲ್ಲಿ ಇದು ಗಮನಾರ್ಹ ಪ್ರಮಾಣವೇ ಸರಿ. ಆದರೆ ಸಸ್ಯದಲ್ಲಿರುವ ಈ ಆಮ್ಲದ ಅಲ್ಪಾಂಶವನ್ನು ಮಾತ್ರ ಮಾನವಶರೀರವು ಮೀನಿನ ಎಣ್ಣೆಯಲ್ಲಿರುವ ರೂಪಕ್ಕೆ ಪರಿವರ್ತಿಸಿಕೊಳ್ಳಬಲ್ಲದು. ಅಲ್ಲದೆ ಉತ್ತರ ಕರ್ನಾಟಕದ ಊಟದಲ್ಲಿ ಶತಮಾನಗಳಿಂದ ಇರುವ ಅಗಸಿಯ ಹಿಂಡಿಯ ಒಂದು ಚಮಚದಲ್ಲಿ ಇದೇ ಆಮ್ಲ ಇನ್ನೂ ಹೆಚ್ಚಾಗಿದೆ. ಆದುದರಿಂದ ಗೋಳಿಯನ್ನು ಸಂಜೀವಿನಿಯೆಂದು ಸಾರುವ ಕಾರಣವಿಲ್ಲ. ಜೋಳದ ರೊಟ್ಟಿ, ಬೇಳೆ, ಹಿಂಡಿ, ಮೊಸರುಗಳಿರುವ ಗಂಗಾಳದಲ್ಲಿ ಖರ್ಚಿಲ್ಲದೆ ದೊರೆಯುವ ಒಂದು ಒಳ್ಳೆಯ ಹಸಿರು ಪಲ್ಲೆಯೆಂದರೆ ಸಾಕು. ಅಷ್ಟು ಹೇಳುವುದೇ ಅದಕ್ಕೆ ಸಲ್ಲಬೇಕಾದ ನ್ಯಾಯ.

ದೋಷವನ್ನೂ ಮರೆಮಾಚಬಾರದು. ಗೋಳಿಯಲ್ಲಿ ಆಕ್ಸಲೇಟ್ ಎಂಬ ಪದಾರ್ಥ ಹೇರಳವಾಗಿದೆ. ಮೂತ್ರಪಿಂಡದಲ್ಲಿ ಹರಳಾಗುವ ಪ್ರವೃತ್ತಿಯುಳ್ಳವರು ಅದರಿಂದ ದೂರವಿರುವುದು ಒಳಿತು. ಬೇಯಿಸಿ ನೀರು ಬಸಿದರೆ ಆಕ್ಸಲೇಟಿನ ಪ್ರಮಾಣ ಇಳಿಯುತ್ತದೆ. ಮೊಸರಿನೊಂದಿಗೆ ತಿಂದರೆ ಅದರಲ್ಲಿಯ ಸುಣ್ಣದ ಅಂಶವು ಆಕ್ಸಲೇಟನ್ನು ಹಿಡಿದಿಟ್ಟು ದೇಹಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಗೋಳಿಯನ್ನು ಬೇಳೆಯೊಂದಿಗೆ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಪಕ್ಕದಲ್ಲಿ ಗಟ್ಟಿ ಮೊಸರಿಟ್ಟು ಬಡಿಸುವ ಈ ಭಾಗದ ಗೃಹಿಣಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಆದರೆ ಅವಳ ಪದ್ಧತಿಯಲ್ಲಿ ದೋಷವಿರಲಿಲ್ಲ.

ಲೋಕದ ಇತರ ಭಾಗಗಳಲ್ಲಿ ಈ ಸೊಪ್ಪಿನ ಮರ್ಯಾದೆ ಬೇರೆಯಾಗಿದೆ. ಗ್ರೀಸ್ ಮತ್ತು ತುರ್ಕಿಗಳಲ್ಲಿ ಅದನ್ನು ಮೊಸರಿನೊಂದಿಗೆ ಹಸಿಯಾಗಿ ತಿನ್ನುತ್ತಾರೆ; ಮೆಕ್ಸಿಕೋದಲ್ಲಿ ಮಾರುಕಟ್ಟೆಯಲ್ಲಿ ಕೊಂಡು ಅಡುಗೆ ಮಾಡುತ್ತಾರೆ. ಅಮೆರಿಕದ ಚಿಂತಕ ಹೆನ್ರಿ ಡೇವಿಡ್ ಥೋರೋ 1854ರಲ್ಲಿ ಪ್ರಕಟವಾದ 'ವಾಲ್ಡೆನ್' ಗ್ರಂಥದಲ್ಲಿ, ತನ್ನ ಮೆಕ್ಕೆಜೋಳದ ಹೊಲದಲ್ಲಿ ಕಿತ್ತ ಗೋಳಿಯನ್ನು ಉಪ್ಪು ಹಾಕಿ ಬೇಯಿಸಿ ತೃಪ್ತಿಯಿಂದ ಊಟ ಮಾಡಿದುದನ್ನು ದಾಖಲಿಸಿದ್ದಾನೆ. ಗಾಂಧೀಜಿಯವರು 1935ರಲ್ಲಿ 'ಹರಿಜನ' ಪತ್ರಿಕೆಯಲ್ಲಿ ಹಸಿರೆಲೆಗಳ ಆಹಾರಮೌಲ್ಯವನ್ನು ಕುರಿತು ಬರೆದು, ಹಳ್ಳಿಯ ಜನ ಕಾಲಡಿಯಲ್ಲಿರುವ ಎಲೆಗಳನ್ನು ಅರಿತು ಬಳಸಬೇಕೆಂಬ ವಿಚಾರಕ್ಕೆ ಬಲಕೊಟ್ಟರು. ಅದೇ ಸಸ್ಯ 1977ರಲ್ಲಿ ಪ್ರಕಟವಾದ ಜಗತ್ತಿನ ಅತಿ ಕೆಟ್ಟ ಕಳೆಗಳ ಪ್ರಸಿದ್ಧ ಗ್ರಂಥದಲ್ಲಿಯೂ ಅಗ್ರಪಂಕ್ತಿಯಲ್ಲಿ ಸ್ಥಾನ ಪಡೆಯಿತು. ಈ ಎರಡು ಅಭಿಪ್ರಾಯಗಳಲ್ಲಿ ಒಂದು ನಿಜ, ಇನ್ನೊಂದು ಸುಳ್ಳು ಎಂದೇನೂ ಇಲ್ಲ. ಬೆಳೆಯ ಪಾಲಿನ ನೀರು, ಗೊಬ್ಬರ, ಬಿಸಿಲುಗಳನ್ನು ಗೋಳಿ ಕಸಿದುಕೊಳ್ಳುವುದು ನಿಜ. ಕುರ್ಪಿಯಿಂದ ತೆಗೆದು ಸಾಲಿನಲ್ಲಿಯೇ ಬಿಟ್ಟರೆ ಅದರ ದಂಟಿನ ತುಂಡುಗಳು ಹಸಿ ಮಣ್ಣಿನಲ್ಲಿ ಮತ್ತೆ ಬೇರು ಬಿಡುತ್ತವೆ ಎಂಬುದೂ ನಿಜ. ರೈತ ಅದನ್ನು ಕಳೆಯೆಂದು ಕರೆದರೆ ಅವನನ್ನು ಆಕ್ಷೇಪಿಸುವ ಅಧಿಕಾರ ನಗರದ ಯಾವ ವಿದ್ಯಾವಂತನಿಗೂ ಇಲ್ಲ.

ಆದರೆ ಹಿಂದಿನ ಕೃಷಿಯಲ್ಲಿ ಕಳೆ ತೆಗೆಯುವುದೂ ಪಲ್ಲೆ ಕೂಡಿಸುವುದೂ ಒಂದೇ ಕೆಲಸದ ಎರಡು ಮುಖಗಳಾಗಿದ್ದವು. ಮುಂಗಾರಿನಲ್ಲಿ ಸಜ್ಜೆ, ತೊಗರಿ, ಶೇಂಗಾ ಹೊಲಗಳಲ್ಲಿ ಕಸ ತೆಗೆಯಲು ಸಾಲು ಹಿಡಿದು ಕೂತ ಹೆಣ್ಣುಮಕ್ಕಳು ಬಿಸಾಡಬೇಕಾದುದನ್ನು ಬದುವಿಗೆ ಎಸೆದು, ತಿನ್ನಬಹುದಾದುದನ್ನು ಉಡಿಗೆ ಸೇರಿಸುತ್ತಿದ್ದರು. ಸಂಜೆ ಮನೆಗೆ ಮರಳುವಾಗ ಕೂಲಿಯೊಡನೆ ಉಡಿತುಂಬ ಪಲ್ಲೆಯೂ ಬರುತ್ತಿತ್ತು. ಗೋಳಿ, ಹತ್ತರಕಿ, ರಾಜಗಿರಿ ಮೊದಲಾದವು ಹೀಗೆ ಮನೆ ಸೇರಿದ ಪಲ್ಲೆಗಳು. ತಾಯಿಯ ಪಕ್ಕದಲ್ಲಿ ಕೂತ ಆರೇಳು ವರ್ಷದ ಮಗಳು ಅದೇ ಸಾಲಿನಲ್ಲಿ ಯಾವುದು ಉಡಿಗೆ, ಯಾವುದು ಬದುವಿಗೆ ಎಂಬುದನ್ನು ಕಲಿಯುತ್ತಿದ್ದಳು. ಲಿಖಿತವಲ್ಲದ ಆ ವಿದ್ಯೆಗೆ ಪರೀಕ್ಷೆಯೂ ಅಂದಂದೇ ನಡೆಯುತ್ತಿತ್ತು. ತಪ್ಪು ಎಲೆ ಸೇರಿದರೆ ರಾತ್ರಿಯ ಊಟವೇ ಅದನ್ನು ಹೇಳುತ್ತಿತ್ತು.

ಈ ವಿದ್ಯೆ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಎರಡು ಉದಾಹರಣೆಗಳು ಸಾಕು. ಗೋಳಿಯಿರುವ ಹೊಲದಲ್ಲಿಯೇ ನೆಲಕ್ಕೆ ಹರಡಿಕೊಂಡು ಬೆಳೆಯುವ, ಕೆಂಪು ದಂಟಿನ, ಎಲೆಗಳಿಂದ ಗೋಳಿಯೆಂದೇ ಭ್ರಮೆ ಹುಟ್ಟಿಸುವ ಯೂಫೋರ್ಬಿಯ ಜಾತಿಯ ಸಣ್ಣ ಗಿಡಗಳಿವೆ. ಅವುಗಳನ್ನು ಮುರಿದರೆ ಬಿಳಿಯ ಹಾಲು ಒಸರುತ್ತದೆ. ಅದು ಉರಿಯನ್ನುಂಟುಮಾಡುವಂಥದು, ತಿನ್ನತಕ್ಕದ್ದಲ್ಲ. ಗೋಳಿಯನ್ನು ಮುರಿದರೆ ನಿರ್ಮಲವಾದ ನೀರಿನಂಥ ಲೋಳೆರಸ ಮಾತ್ರ ಬರುತ್ತದೆ. ಇನ್ನೊಂದು, ಸಸ್ಯಶಾಸ್ತ್ರಜ್ಞರು 'ಟ್ರಯಾಂತೀಮ' ಎನ್ನುವ ಬೇರೊಂದು ಕುಟುಂಬದ ಕಳೆ. ಅದರ ಎದುರುಬದುರು ಎಲೆಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಹೂ ಹಳದಿಯಲ್ಲ, ಬಿಳಿ ಅಥವಾ ನಸುಗುಲಾಬಿ. ಇವನ್ನು ಬೇರ್ಪಡಿಸಿ ಹೇಳಬಲ್ಲ ಅನಕ್ಷರಸ್ಥ ವೃದ್ಧೆ ಪ್ರತಿ ಓಣಿಯಲ್ಲಿಯೂ ಇದ್ದಳು. ಇವನ್ನು ಬೇರ್ಪಡಿಸಲಾರದ ಪದವೀಧರ ಇಂದು ಪ್ರತಿ ಮನೆಯಲ್ಲಿಯೂ ಇದ್ದಾನೆ. ವಿದ್ಯೆ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬ ಲೆಕ್ಕವನ್ನು ಹಾಕುವಾಗ ಈ ಬಾಬನ್ನೂ ಸೇರಿಸಬೇಕಾಗುತ್ತದೆ.

ಈ ಬದಲಾವಣೆ ಹೇಗಾಯಿತು? ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾದ ಕಡೆಗೂ ನೈಋತ್ಯಕ್ಕೆ ಬಬಲೇಶ್ವರದ ಕಡೆಗೂ ಸಾಗುವ ಹಾದಿಗಳೇ ಅದನ್ನು ಹೇಳುತ್ತವೆ. ಈಗ ಸ್ವತಂತ್ರ ತಾಲೂಕುಗಳಾಗಿರುವ ಈ ಎರಡೂ ಭಾಗಗಳು ಹಿಂದೆ ಮಳೆಯನ್ನೇ ನಂಬಿದ ಒಣಭೂಮಿಗಳು. ಆಲಮಟ್ಟಿಯ ಜಲಾಶಯ, ಕೃಷ್ಣೆಯ ನೀರನ್ನು ಮೇಲೆತ್ತುವ ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳು, ಕೆರೆ ತುಂಬಿಸುವ ಕಾರ್ಯ - ಇವು ಬಂದ ಮೇಲೆ ಈ ನೆಲದ ಬಣ್ಣವೇ ಬದಲಾಗಿದೆ. ತಿಕೋಟಾದ ದ್ರಾಕ್ಷಿ ಮತ್ತು ಒಣದ್ರಾಕ್ಷಿ ದೂರದ ಮಾರುಕಟ್ಟೆಗಳಿಗೆ ಹೋಗುತ್ತಿದೆ. ಬಬಲೇಶ್ವರದ ಸುತ್ತ ಕಬ್ಬು ನಿಂತಿದೆ. ತಲೆತಲಾಂತರದಿಂದ ಗುಳೆ ಹೋಗುತ್ತಿದ್ದ ಜನಕ್ಕೆ ಇದು ಪುನರ್ಜನ್ಮವೇ ಸರಿ. ಇದನ್ನು ಯಾರೂ ಹಳಿಯಲಾರರು. ಆದರೆ ಬೆಳೆ ಬದಲಾದಂತೆ ಕಳೆ ತೆಗೆಯುವ ಕ್ರಮವೂ ಬದಲಾಯಿತು. ಆಳು ದೊರೆಯುವುದು ಕಷ್ಟ, ಕೂಲಿ ದುಬಾರಿ, ಔಷಧ ಅಗ್ಗ. 1940ರ ದಶಕದಲ್ಲಿ ಜಗತ್ತಿನಲ್ಲಿ ಬಳಕೆಗೆ ಬಂದ 2,4-ಡಿ ಎಂಬ ಕಳೆನಾಶಕ ಹುಲ್ಲಿನ ಜಾತಿಯ ಬೆಳೆಗಳನ್ನು ಉಳಿಸಿ ಅಗಲ ಎಲೆಯ ಗಿಡಗಳನ್ನು ಮಾತ್ರ ಕೊಲ್ಲುತ್ತದೆ. ಜೋಳ, ಕಬ್ಬುಗಳು ಹುಲ್ಲಿನ ಜಾತಿಯವು. ಗೋಳಿ, ಹತ್ತರಕಿ, ರಾಜಗಿರಿಗಳು ಅಗಲ ಎಲೆಯವು. ಹೀಗೆ ಪಲ್ಲೆಗಳೆಲ್ಲವೂ ಔಷಧದ ಗುರಿಯಾದವು. ಹೆಗಲ ಮೇಲಿನ ಸಿಂಪಡಣಾ ಯಂತ್ರಕ್ಕೆ ಉಡಿಯೂ ಇಲ್ಲ, ಬದುವೂ ಇಲ್ಲ. ಅದು ಆಯ್ಕೆ ಮಾಡುವುದಿಲ್ಲ.

ಇದರ ಪರಿಣಾಮ ಎರಡು ಬಗೆಯದು. ಔಷಧ ಬಿದ್ದ ಹೊಲದಲ್ಲಿ ಉಳಿದುಕೊಂಡ ಇಲ್ಲವೆ ಮರುಚಿಗುರಿದ ಗೋಳಿಯನ್ನು ತಿನ್ನುವುದು ಅಪಾಯಕರ. ಆದ್ದರಿಂದ ಗಿಡವಿದ್ದರೂ ಪಲ್ಲೆಯಿಲ್ಲ. ಎರಡನೆಯದಾಗಿ, ಸಾಲು ಹಿಡಿದು ಕೂರುವ ಹೆಣ್ಣುಮಕ್ಕಳ ಆ ಗುಂಪು ಕರಗಿದುದರಿಂದ ಮಗಳಿಗೆ ತಾಯಿಯ ಪಕ್ಕದಲ್ಲಿ ಕಲಿಯುವ ಸ್ಥಳವೇ ಇಲ್ಲವಾಯಿತು. ಬಿಸಿಲಿನಲ್ಲಿ ಬೆನ್ನು ಬಾಗಿಸಿ ದಿನವಿಡೀ ಕಸ ತೆಗೆಯುವ ದುಡಿಮೆ ಸುಖದ್ದೆಂದು ಯಾರೂ ಹೇಳಲಾರರು. ಆ ಹುಡುಗಿ ಇಂದು ಶಾಲೆಯಲ್ಲಿರುವುದು ಅತ್ಯಂತ ಸಂತೋಷದ ಸಂಗತಿ. ಪ್ರಶ್ನೆಯಿರುವುದು ಇಷ್ಟೇ: ಹೊಲದಿಂದ ಶಾಲೆಗೆ ಬಂದ ಆ ಹುಡುಗಿಗೆ, ಹೊಲದಲ್ಲಿ ಸಿಗುತ್ತಿದ್ದ ವಿದ್ಯೆಯನ್ನು ಶಾಲೆ ಕೊಡುತ್ತಿದೆಯೇ?

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಗೋಳಿ ಬಡವರ ಪಲ್ಲೆ, ಬರಗಾಲದ ಪಲ್ಲೆ. ಕಾಲುವೆಗೆ ನೀರು ಬಂದು, ಮಾರುಕಟ್ಟೆಯಲ್ಲಿ ಪಾಲಕ, ಮೆಂತೆ, ಕೋಸುಗಡ್ಡೆ ದೊರೆಯುವಾಗ ಅದರ ಸ್ಮರಣೆ ಏಕೆ ಎಂದು ಅನೇಕರು ಕೇಳುತ್ತಾರೆ. ಈ ಮಾತಿನಲ್ಲಿ ತಿರಸ್ಕಾರಕ್ಕಿಂತ ನೋವು ಹೆಚ್ಚಾಗಿದೆ. ವಿಜಯಪುರದ ನೆಲ ಬರವನ್ನು ಪುಸ್ತಕದಲ್ಲಿ ಓದಿ ತಿಳಿದುದಲ್ಲ. 1791-92ರ ಭೀಕರ ಕ್ಷಾಮ, ಹೂಳುವವರಿಲ್ಲದೆ ಬಯಲಿನಲ್ಲಿ ಉಳಿದ ತಲೆಬುರುಡೆಗಳಿಂದಾಗಿ ಡೋಗಿ ಬರವೆಂಬ ಹೆಸರನ್ನು ಪಡೆಯಿತು. 1876-78ರ ಕ್ಷಾಮದ ಹೊಡೆತಕ್ಕೆ, ಅಂದು ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶದ ಜನಸಂಖ್ಯೆ 1872ರ ಜನಗಣತಿಗಿಂತ 1881ರ ಜನಗಣತಿಯಲ್ಲಿ ಗಣನೀಯವಾಗಿ ಕುಗ್ಗಿತು. 1972ರ ಬರವನ್ನು ನೆನೆಯುವ ಹಿರಿಯರು ಇನ್ನೂ ಇದ್ದಾರೆ. ಅಂಥ ದಿನಗಳಲ್ಲಿ ಅನ್ನವಿಲ್ಲದೆ ಸೊಪ್ಪನ್ನೇ ಬೇಯಿಸಿ ತಿಂದ ಮನೆತನಗಳಿಗೆ ಆ ಸೊಪ್ಪು ಹಸಿವಿನ ಗುರುತಾಗಿ ಉಳಿದಿದ್ದರೆ ಆಶ್ಚರ್ಯವಿಲ್ಲ. ಸ್ಥಿತಿವಂತರಾದೊಡನೆ ಅದನ್ನು ಒಲೆಯಿಂದ ದೂರವಿಟ್ಟವರನ್ನು ನಗುವುದು ಅನುದಾರತೆ.

ಆದರೂ ಎರಡು ಮಾತುಗಳನ್ನು ಹೇಳಲೇಬೇಕು. ಗೋಳಿ ಬರದಲ್ಲಿ ಮಾತ್ರ ತಿನ್ನುವ ಪಲ್ಲೆಯಾಗಿರಲಿಲ್ಲ. ಒಳ್ಳೆಯ ಮಳೆಗಾಲದಲ್ಲಿ, ಕಣಜ ತುಂಬಿದ ಮನೆಯಲ್ಲಿಯೂ ಅದು ಆದರದಿಂದ ತಿನ್ನುವ ಪಲ್ಲೆಯಾಗಿತ್ತು. ಮೇಲೆ ಹೇಳಿದ ಉಡಿಯ ಪಲ್ಲೆ ಒಕ್ಕಲುತನ ಚೆನ್ನಾಗಿದ್ದ ವರ್ಷಗಳದ್ದೇ. ಎರಡನೆಯದಾಗಿ, ಬರ ಇತಿಹಾಸವನ್ನು ಸೇರಿ ಮುಗಿದ ಸಂಗತಿಯಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಕಾಲುವೆಯ ನೀರು ನದಿಯ ಹರಿವನ್ನೂ, ನದಿ ಸಹ್ಯಾದ್ರಿಯ ಮಳೆಯನ್ನೂ ಅವಲಂಬಿಸಿವೆ. ನೆಲದ ವಿದ್ಯೆಯನ್ನು ಬೇಕಾದಾಗ ಮಾರುಕಟ್ಟೆಯಿಂದ ಕೊಂಡು ತರಲಾಗುವುದಿಲ್ಲ. ಒಂದು ತಲೆಮಾರು ಮರೆತರೆ ಮುಂದಿನ ತಲೆಮಾರಿಗೆ ಕೇಳಲು ಯಾರೂ ಇರುವುದಿಲ್ಲ. ಗೋಳಿಯ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ; ಅದನ್ನು ಕುರಿತ ತಿಳಿವಳಿಕೆಗೆ ಅಂಥ ಆಯುಷ್ಯವಿಲ್ಲ.

ಹಾಗಾದರೆ ಶಾಲೆ ಏನು ಮಾಡಬಹುದು? ದೊಡ್ಡ ಯೋಜನೆಗಳ ಅವಶ್ಯಕತೆ ಇಲ್ಲ. ಪ್ರತಿ ವರ್ಷ ಆಷಾಢದಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳನ್ನು ಒಂದು ದಿನ ಸಮೀಪದ ಹೊಲದ ಬದುವಿಗೆ ಕರೆದೊಯ್ಯಬಹುದು. ಹೂವಿನ ಭಾಗಗಳನ್ನು ಕಲಿಸಲು ದಾಸವಾಳದ ಚಿತ್ರವನ್ನು ಹಲಗೆಯ ಮೇಲೆ ಬರೆಯುವ ಶಿಕ್ಷಕರು, ಗೋಳಿಯ ಹೂವಿನ ದಳಗಳನ್ನು ಎಣಿಸುವುದಕ್ಕೂ ಕಾಯಿಯ ಮುಚ್ಚಳವನ್ನು ಉಗುರಿನಿಂದ ತೆರೆದು ನೋಡುವುದಕ್ಕೂ ಮಕ್ಕಳನ್ನು ಹಚ್ಚಬಹುದು. ಹೂ ಅರಳುವುದು ಬಿಸಿಲೇರಿದ ಮೇಲೆ. ಆದ್ದರಿಂದ ಬೆಳಗಿನ ಪ್ರಾರ್ಥನೆ ಮುಗಿದ ನಂತರದ ಎರಡು ಅವಧಿಗಳೇ ಅದಕ್ಕೆ ತಕ್ಕ ಕಾಲ. ಆ ದಿನ ಊರಿನ ಇಬ್ಬರು ಹಿರಿಯ ಹೆಣ್ಣುಮಕ್ಕಳನ್ನು ಅತಿಥಿ ಶಿಕ್ಷಕಿಯರೆಂದು ಗೌರವದಿಂದ ಆಮಂತ್ರಿಸಬೇಕು. ಪದವಿಯಿಲ್ಲದ ಅವರಿಗೆ ಉಪನ್ಯಾಸಕರಿಗೆ ಸಲ್ಲುವ ಸಂಭಾವನೆಯನ್ನೇ ಸಲ್ಲಿಸಬೇಕು. ಕಲಿಸುವವರಿಗೆ ಮಾನ ದೊರೆಯದ ಕಡೆ ವಿದ್ಯೆಗೂ ಮಾನ ದೊರೆಯುವುದಿಲ್ಲ.

ಮಕ್ಕಳು ತಂದ ಸಸ್ಯಗಳನ್ನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿ, ಪ್ರತಿಯೊಂದರ ಕೆಳಗೆ ಊರಿನ ಹೆಸರು, ದಿನಾಂಕ, ಶಾಸ್ತ್ರೀಯ ನಾಮ, ಮನೆಯಲ್ಲಿ ಬಳಸುವ ನಾಮ ಇವನ್ನು ಬರೆದಿಡಬಹುದು. ತಿಕೋಟಾದ ಹುಡುಗ ಬರೆದ ಹೆಸರೂ ಬಬಲೇಶ್ವರದ ಹುಡುಗಿ ಬರೆದ ಹೆಸರೂ ಬೇರೆಯಾಗಿದ್ದರೆ ಎರಡನ್ನೂ ಉಳಿಸಬೇಕು. ಗೋಳಿಯನ್ನು ಒಣಗಿಸುವುದು ಸುಲಭವಲ್ಲ. ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರನ್ನು ಹೊತ್ತ ಆ ದಂಟು ಕಾಗದದ ನಡುವೆಯೂ ಬಹುದಿನ ಬದುಕಿರುತ್ತದೆ. ಕುದಿಯುವ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಒತ್ತಬೇಕು. ಈ ಸಣ್ಣ ತೊಡಕೇ ಮಕ್ಕಳಿಗೆ ಪುಸ್ತಕದ ಒಂದು ಅಧ್ಯಾಯದಷ್ಟನ್ನು ಕಲಿಸುತ್ತದೆ. ಐದು ವರ್ಷ ಈ ಕಾರ್ಯ ನಡೆದರೆ, ಯಾವ ಸಂಪುಟದಲ್ಲಿಯೂ ಇಲ್ಲದ ಈ ಸೀಮೆಯ ಪಲ್ಲೆಗಳ ದಾಖಲೆಯೊಂದು ಶಾಲೆಯ ಕಪಾಟಿನಲ್ಲಿ ಸಿದ್ಧವಾಗಿರುತ್ತದೆ.

ವಸತಿ ವಿದ್ಯಾರ್ಥಿಗಳ ಅಡುಗೆಮನೆಯ ಹಿಂದೆ, ಪಾತ್ರೆ ತೊಳೆದ ನೀರು ಹರಿಯುವ ಕಡೆಗೆ ಹತ್ತಡಿ ಉದ್ದದ ಎರಡು ಮಡಿಗಳಲ್ಲಿ ಗೋಳಿಯನ್ನು ಬೆಳೆಯಬಹುದು. ಸಾಬೂನು ಬೆರೆತ ನೀರನ್ನು ಮಾತ್ರ ಬೇರೆಡೆಗೆ ತಿರುಗಿಸಬೇಕು. ಬೀಜ ಕೊಳ್ಳುವ ಖರ್ಚಿಲ್ಲ, ಔಷಧದ ಭಯವಿಲ್ಲ. ವಾರಕ್ಕೊಮ್ಮೆ ತೊಗರಿಬೇಳೆಯೊಂದಿಗೆ ಬೇಯಿಸಿದ ಗೋಳಿಪಲ್ಲೆ, ರೊಟ್ಟಿ, ಮೊಸರುಗಳ ಊಟ ಸಾಕು. ಅತಿಯಾದ ಸೇವನೆ ಬೇಡ. ಸ್ಥಿತಿವಂತರ ಮನೆಯ ಹುಡುಗನೂ ಕೂಲಿಕಾರರ ಮನೆಯ ಹುಡುಗನೂ ಒಂದೇ ಪಂಕ್ತಿಯಲ್ಲಿ ಕೂತು ತಿಂದಾಗ, ಬಡವರ ಪಲ್ಲೆಯೆಂಬ ಹೆಸರು ಯಾವ ಭಾಷಣದ ಹಂಗೂ ಇಲ್ಲದೆ ಅಳಿದುಹೋಗುತ್ತದೆ. ದಾನಿಗಳಲ್ಲಿಯೂ ಒಂದು ವಿನಂತಿ ಸಲ್ಲುತ್ತದೆ. ಕಟ್ಟಡಕ್ಕೆ ಕಲ್ಲು ಕೊಡುವ ಉದಾರತೆ ಈ ನಾಡಿನಲ್ಲಿ ಎಂದೂ ಕಡಿಮೆಯಾಗಿಲ್ಲ. ಔಷಧ ಬೀಳದ ಒಂದು ಗುಂಟೆ ಭೂಮಿಯನ್ನು ಶಾಲೆಯ ಮಕ್ಕಳ ಕಲಿಕೆಗೆ ಬಿಟ್ಟುಕೊಡುವುದೂ ಅದಕ್ಕೆ ಸಮನಾದ ದಾನವೇ.

ಹಳೆಯ ವಿದ್ಯಾರ್ಥಿಗಳಲ್ಲಿ ಕೃಷಿವಿಜ್ಞಾನಿಗಳಿದ್ದಾರೆ, ವೈದ್ಯರಿದ್ದಾರೆ, ತೋಟದ ಒಡೆಯರಿದ್ದಾರೆ. ಹೊಲದ ಬದುವಿಗೆ ಔಷಧ ತಾಗದಂತೆ ಬೆಳೆಯ ಸಾಲಿಗೆ ಮಾತ್ರ ಸಿಂಪಡಿಸುವ ಕ್ರಮವನ್ನು ಅವರಲ್ಲಿ ಕೆಲವರಾದರೂ ತಮ್ಮ ತೋಟಗಳಲ್ಲಿ ನಡೆಸಿ ತೋರಿಸಿದರೆ, ನೆರೆಯ ರೈತ ಅದನ್ನು ನೋಡಿ ಕಲಿಯುತ್ತಾನೆ. ಬದುವಿನ ಗೋಳಿಯಿಂದ ಬೆಳೆಗೆ ನಷ್ಟವಿಲ್ಲ; ಬೆಳೆಯ ಸಾಲಿನಲ್ಲಿ ಅದು ಕಳೆಯಾಗಿಯೇ ಇರಲಿ. ಸ್ಥಳವರಿತು ಬೆಲೆ ಕಟ್ಟುವ ಈ ವಿವೇಕ ಹಿಂದಿನವರಲ್ಲಿ ಇತ್ತು.

ಬರುವ ಮೃಗಶಿರಾ ಮಳೆಗೆ ಗೋಳಿ ಮತ್ತೆ ಹುಟ್ಟುತ್ತದೆ; ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಶಾಲೆಯ ಬಯಲಿನಲ್ಲಿ ಅದನ್ನು ಕಂಡ ಬಾಲಕನೊಬ್ಬ ಬಾಗಿ, ದಂಟನ್ನು ಮುರಿದು, ಹಾಲು ಬರುತ್ತದೆಯೋ ನೀರು ಬರುತ್ತದೆಯೋ ಎಂದು ನೋಡಿ, ಇದು ಗೋಳಿ ಎಂದು ಪಕ್ಕದವನಿಗೆ ಹೇಳುವಂತಾದರೆ, ಆ ವರ್ಷದ ಪಾಠ ಸಾರ್ಥಕವಾಯಿತೆಂದು ಶಿಕ್ಷಕರು ತಿಳಿಯಬಹುದು.